ಅಮ್ಮ ಕೊಟ್ಟ ಕವರು ನನ್ನ ಜೇಬಿನಲ್ಲಿತ್ತು

ನಾನು ಚರ್ಚಿನ ಸಭಾಪಾಲಕನಾಗಿ ಮೂರನೇ ವರ್ಷ. ಭಾನುವಾರದ ಆರಾಧನೆ ಮುಗಿಸಿ ಬಾಗಿಲಲ್ಲಿ ನಿಂತಿದ್ದೆ. ವಯಸ್ಸಾದ ಅಮ್ಮ ಒಬ್ಬರು ಮಡಚಿದ ಕವರನ್ನು ಕೈಗಿಟ್ಟು, "ಅಯ್ಯನವರೇ, ಯಾವುದಾದ್ರೂ ಬಡ ಮಗುವಿನ ಫೀಸಿಗೆ ಕೊಡಿ" ಅಂದರು. ಜೇಬಿಗೆ ಹಾಕಿಕೊಂಡೆ. ಆ ವಾರ ಮನೆಯಲ್ಲಿ ಔಷಧಿಗೆ ದುಡ್ಡು ಸಾಲಲಿಲ್ಲ. ಕವರಿನಿಂದ ತೆಗೆದೆ. ವಾಪಸ್ ಹಾಕುವುದು ಮರೆತೇ ಹೋಯಿತು.

ಎರಡು ವಾರ ಬಿಟ್ಟು ಅವರು ಕೇಳಿದರು: "ಯಾವ ಮಗುವಿಗೆ ಕೊಟ್ರಿ?" ನನಗೆ ಬಾಯಿ ಬರಲಿಲ್ಲ. ಅವತ್ತೇ ಹಣ ತುಂಬಿಕೊಟ್ಟೆ. ಅವರ ಮುಂದೆ, ಕಮಿಟಿ ಮುಂದೆ ನಡೆದದ್ದನ್ನು ಹೇಳಿದೆ.

ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣದ ವಿಷಯದಲ್ಲಿ, ಆದಿ ಸಭೆಗಳ ಬೋಧಕ ಪೌಲನು ಯಾರೂ ತಪ್ಪು ಹೊರಿಸಬಾರದೆಂದು ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗೆ ಸೇರಿಸಿಕೊಂಡ. ಬೈಬಲಿನಲ್ಲಿ ಅವನ ಎರಡನೇ ಕೊರಿಂಥ ಪತ್ರ, 8ನೇ ಅಧ್ಯಾಯ. ಎಷ್ಟೋ ಸಲ ಪ್ರಸಂಗ ಮಾಡಿದ್ದೆ, ನನಗೇ ಅನ್ವಯಿಸಿಕೊಂಡಿರಲಿಲ್ಲ.

ಈಗ ಕಾಣಿಕೆ ಎಣಿಸುವವರು ಬೇರೆ ಬೇರೆ ಮನೆಯ ಇಬ್ಬರು. ಇಬ್ಬರೂ ಪುಸ್ತಕಕ್ಕೆ ಸಹಿ ಹಾಕುತ್ತಾರೆ. ನಾನು ಆ ಮೇಜಿನ ಹತ್ತಿರ ಹೋಗುವುದಿಲ್ಲ. ಯಾರಾದರೂ ಕವರು ಚಾಚಿದರೆ ಖಜಾಂಚಿಯನ್ನು ಕರೆಯುತ್ತೇನೆ, ನಿಂತಲ್ಲೇ ರಸೀದಿ. "ನಿಮ್ಮನ್ನ ನಂಬಲ್ವಾ ನಾವು?" ಎಂದು ಕೆಲವರು ನೊಂದುಕೊಂಡರು. ನಂಬಿದ್ದಕ್ಕೇ ಅಲ್ವಾ ಹಾಗಾದದ್ದು?

ದುಡ್ಡಿಗಿಂತ ಕಷ್ಟದ್ದು ದೂರಿನ ವಿಷಯ. ಹಿರಿಯನ, ಅಂದರೆ ಸಭೆ ನಡೆಸುವವನ, ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳು ಬೇಕು ಎಂಬ ಬೈಬಲಿನ ಮಾತನ್ನು (1 ತಿಮೊಥೆ 5:19) ತೋರಿಸಿ ಹೆಣ್ಣುಮಕ್ಕಳನ್ನು ಸುಮ್ಮನಾಗಿಸುವುದನ್ನು ನೋಡಿದ್ದೇನೆ. ಒಂಟಿಯಾಗಿದ್ದಾಗ ನಡೆದದ್ದಕ್ಕೆ ಇಬ್ಬರು ಸಾಕ್ಷಿಗಳು ಎಲ್ಲಿಂದ ಬರುತ್ತಾರೆ? ಪಾಪದಲ್ಲೇ ಇರುವ ಹಿರಿಯನನ್ನು ಎಲ್ಲರ ಮುಂದೆ ಗದರಿಸು ಎನ್ನುವ 20ನೇ ವಚನವನ್ನು ಯಾರೂ ಓದುವುದಿಲ್ಲ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯವಾದರೆ ಕಮಿಟಿ ಕೂತು ಚರ್ಚಿಸುವ ಮಾತೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೂ ಅಪರಾಧ. ಇದನ್ನು ಸಂಡೇ ಸ್ಕೂಲ್ ಟೀಚರುಗಳಿಗೆ ಪ್ರತಿ ವರ್ಷ ಓದಿ ಹೇಳುತ್ತೇನೆ. ನಾನು ಕೂತು ಜನರ ಕಷ್ಟ ಕೇಳುವ ಕೋಣೆಯ ಬಾಗಿಲನ್ನೂ ಬಡಗಿ ಕೈಲಿ ಕೊರೆಸಿ ಗಾಜು ಹಾಕಿಸಿದೆ. ಮಾತು ಹೊರಗೆ ಕೇಳುವುದಿಲ್ಲ, ಒಳಗಿರುವವರು ಕಾಣುತ್ತಾರೆ.

ಮನೆ ಪ್ರಾರ್ಥನೆಗೆ ಹೋದಾಗ ಕೈಗೆ ತುರುಕುವ ಕವರಿನ ಬಗ್ಗೆ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅದನ್ನೂ ಪುಸ್ತಕಕ್ಕೆ ಹತ್ತಿಸಬೇಕು ಅಂತ ನಾನು. ಅದು ಅಯ್ಯನವರಿಗೇ ಕೊಟ್ಟದ್ದು ಅಂತ ಕಮಿಟಿ. ಮುಂದಿನ ಮೀಟಿಂಗಿನಲ್ಲಿ ಮತ್ತೆ ಎತ್ತುತ್ತೇನೆ.