ಐಸ್ ರನ್‌ವೇ ಮೇಲೆ ಫೈಟರ್ ನಿಲ್ಲಿಸುವ ಬ್ರೇಕ್ ಪ್ಯಾರಾಚೂಟ್: ಚಿಕ್ಕದೊಂದನ್ನು ಹೊಲಿದು ನೋಡುವ ಬಗೆ

ಲಾರಿ ಟಾರ್ಪಾಲಿನ್, ಚೀಲ, ಟೆಂಟ್ ಹೊಲಿಯುವುದು ನನ್ನ ಕಸುಬು. ಅಂಗಡಿ ದಾವಣಗೆರೆಯಲ್ಲಿ. ಇಂಜಿನಿಯರಿಂಗ್ ಓದುವ ಹುಡುಗರು ಆಗಾಗ ಮಾಡೆಲ್ ವಿಮಾನ ಹಿಡ್ಕೊಂಡು ಬರುತ್ತಾರೆ. "ಅಣ್ಣ, ಕೊಡೆ ಬಟ್ಟೆ ದುಂಡಗೆ ಕತ್ತರಿಸಿ ದಾರ ಕಟ್ಟಿಕೊಡಿ, ಬ್ರೇಕ್ ಚೂಟ್ ಆಗುತ್ತೆ" ಅಂತಾರೆ. ನೆಲಕ್ಕಿಳಿದ ವಿಮಾನದ ಹಿಂದೆ ಬಿಚ್ಚಿಕೊಂಡು ಅದರ ವೇಗ ತಗ್ಗಿಸುವ ಪ್ಯಾರಾಚೂಟೇ ಬ್ರೇಕ್ ಚೂಟ್. ಅದು ಹಾಗೆ ಆಗಲ್ಲ. ಹೇಗೆ ಆಗುತ್ತದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಟೈಲರಿಂಗ್ ಮಷಿನ್ ಓಡಿಸಲು ಬರುವ ಯಾರು ಬೇಕಾದರೂ ಇದನ್ನು ಮಾಡಬಹುದು.

ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ ಇದರ ಕೆಲಸ ನಡೆದಿದೆ. ಚಳ್ಳಕೆರೆ ತಾಲೂಕಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್, ಅಂದರೆ ವಿಮಾನ ಪರೀಕ್ಷಿಸುವ ನೆಲೆ ಇದೆ. 2024ರ ಜೂನ್ 23ರಂದು ಇಸ್ರೋದ ಪುಷ್ಪಕ್ ಅನ್ನುವ ರೆಕ್ಕೆಯಿರುವ ಮರುಬಳಕೆ ನೌಕೆ ಅಲ್ಲಿ ಇಳಿಯಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತ್ತು. ರನ್‌ವೇ ಮುಟ್ಟಿದಾಗ ಅದರ ವೇಗ ಗಂಟೆಗೆ 320 ಕಿಲೋಮೀಟರ್‌ಗೂ ಜಾಸ್ತಿ. ಫೈಟರ್ ವಿಮಾನ ಇಳಿಯುವುದು ಸುಮಾರು 280ರಲ್ಲಿ. ಪುಷ್ಪಕ್‌ನ ವೇಗವನ್ನು 100ರ ಹತ್ತಿರಕ್ಕೆ ಇಳಿಸಿದ್ದು ಬ್ರೇಕ್ ಪ್ಯಾರಾಚೂಟ್. ಚಕ್ರದ ಬ್ರೇಕ್ ಹಿಡಿದದ್ದು ಆಮೇಲೆ. ಈ ಸರದಿಯನ್ನು ನೆನಪಿಡಿ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಚಳ್ಳಕೆರೆಯದು ಒಣ ರನ್‌ವೇ. ನಾರ್ವೆಯಂಥ ದೇಶದಲ್ಲಿ ಚಳಿಗಾಲದ ತುಂಬ ರನ್‌ವೇ ಮೇಲೆ ಐಸ್ ಕಟ್ಟುತ್ತದೆ. ಚಕ್ರದ ಬ್ರೇಕಿಗೆ ನೆಲದ ಹಿಡಿತ ಬೇಕು. ಒಣ ಕಾಂಕ್ರೀಟಿನಲ್ಲಿ ಸಿಗುವ ಹಿಡಿತದ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಮಾತ್ರ ಐಸ್ ಮೇಲೆ ಸಿಗುತ್ತದೆ. 12 ಟನ್ ತೂಕದ ವಿಮಾನ ಅಂದುಕೊಳ್ಳಿ. ಐಸ್ ಮೇಲೆ ಅದರ ಬ್ರೇಕ್ ಒಂದು ಟನ್ ಬಲ ಕೊಟ್ಟರೆ ದೊಡ್ಡದು. ಇಳಿದ ಹೊಸತರಲ್ಲಿ ಅದೂ ಸಿಗಲ್ಲ. ಯಾಕೆಂದರೆ ರೆಕ್ಕೆಗಳು ಇನ್ನೂ ವಿಮಾನವನ್ನು ಎತ್ತಿ ಹಿಡಿದಿರುತ್ತವೆ, ಪೂರ್ತಿ ಭಾರ ಚಕ್ರಕ್ಕೆ ಬಿದ್ದಿರುವುದಿಲ್ಲ. ಪ್ಯಾರಾಚೂಟ್ ಹಿಡಿಯುವುದು ಗಾಳಿಯನ್ನು. ಕೆಳಗೆ ಐಸ್ ಇರಲಿ, ಡಾಂಬರ್ ಇರಲಿ, ಅದಕ್ಕೆ ಎರಡೂ ಒಂದೇ.

ಲೆಕ್ಕ ಹಾಕಿ ನೋಡಿ. 20 ಚದರ ಮೀಟರ್ ಬಟ್ಟೆಯ ಚೂಟ್ 280ರ ವೇಗದಲ್ಲಿ ಸುಮಾರು ನಾಲ್ಕೂವರೆ ಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. 140ಕ್ಕೆ ಇಳಿದಾಗ ಉಳಿಯುವುದು ಒಂದು ಟನ್ ಚಿಲ್ಲರೆ. 70ರಲ್ಲಿ 300 ಕೆಜಿಯೂ ಇಲ್ಲ. ವೇಗ ಅರ್ಧವಾದರೆ ಎಳೆತ ಕಾಲು ಪಾಲು. ಹಾಗಾಗಿ ಚೂಟಿನ ಕೆಲಸವೆಲ್ಲ ಮೊದಲ ಕೆಲವು ಸೆಕೆಂಡುಗಳಲ್ಲೇ ಮುಗಿಯಬೇಕು. ತಡವಾಗಿ ಬಿಚ್ಚಿಕೊಂಡ ಚೂಟಿನಿಂದ ಹೆಚ್ಚು ಉಪಯೋಗವಿಲ್ಲ. ಅದಕ್ಕೇ ನಾನು ಹೊಲಿಗೆಗಿಂತ ಮಡಚುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇನೆ.

1937ರಲ್ಲಿ ಸೋವಿಯತ್ ವಿಮಾನಗಳು ಉತ್ತರ ಧ್ರುವದ ಹತ್ತಿರ ತೇಲುವ ಐಸ್ ಮೇಲೆ ಇಳಿದದ್ದೂ ಹೀಗೇ, ಚೂಟ್ ಬಿಟ್ಟು. ನಾರ್ವೆಯವರು ತಮ್ಮ ಎಫ್-16ಗಳ ಬಾಲದ ಬುಡ ಉದ್ದ ಮಾಡಿಸಿ ಅದರೊಳಗೆ ಚೂಟ್ ಇಟ್ಟರು. ಎಫ್-35 ಕೊಂಡಾಗಲೂ ಬಿಡಲಿಲ್ಲ. ಎರಡು ಬಾಲಗಳ ನಡುವೆ, ಬೆನ್ನ ಮೇಲೆ ಒಂದು ಗೂಡು ಕೂರಿಸಿದರು. 2018ರಲ್ಲಿ ಅಲಾಸ್ಕಾದ ಐಲ್ಸನ್ ನೆಲೆಯಲ್ಲಿ ಐಸ್ ರನ್‌ವೇ ಮೇಲೆ ಅದರ ಪರೀಕ್ಷೆ ನಡೆಯಿತು. ನಮ್ಮ ವಾಯುಪಡೆಯ ಮಿರಾಜ್, ಜಾಗ್ವಾರ್, ಸುಖೋಯ್-30, ತೇಜಸ್‌ಗಳಿಗೂ ಚೂಟ್ ಇದೆ. ಲೇಹ್‌ನಂಥ ಎತ್ತರದ ಜಾಗದಲ್ಲಿ ಗಾಳಿ ತೆಳು, ವಿಮಾನ ಇನ್ನೂ ಜೋರಾಗಿ ನೆಲ ಮುಟ್ಟುತ್ತದೆ.

ಇನ್ನು ಹೊಲಿಗೆ. ದುಂಡು ಚೂಟ್ ಬೇಡ. ತುಂಬಿದ ಗಾಳಿ ಹೊರಗೆ ಹೋಗಲು ಜಾಗವಿಲ್ಲದೆ ಅದು ಆ ಕಡೆ ಈ ಕಡೆ ತೂಗಾಡುತ್ತದೆ, ಬಾಲವನ್ನೂ ಎಳೆದಾಡಿಸುತ್ತದೆ. ಹಿಡಿತವಿಲ್ಲದ ಐಸ್ ಮೇಲೆ ಅದು ಅಪಾಯ. ಕೂಡಿಸುವ ಗುರುತಿನ ಹಾಗೆ ಎರಡು ಪಟ್ಟಿ ಅಡ್ಡಡ್ಡ ಇಟ್ಟು ಹೊಲಿದರೆ ತೋಳುಗಳ ಸಂದಿಯಿಂದ ಗಾಳಿ ಹೊರಗೆ ಹೋಗುತ್ತದೆ, ಚೂಟ್ ನೆಟ್ಟಗೆ ನಿಲ್ಲುತ್ತದೆ. ಬಟ್ಟೆಯೂ ದಂಡವಾಗಲ್ಲ, ಎಲ್ಲ ನೇರ ಕತ್ತರಿ.

ರಿಪ್‌ಸ್ಟಾಪ್ ನೈಲಾನ್, ಅಂದರೆ ಹರಿದರೂ ಹರುಕು ಮುಂದಕ್ಕೆ ಓಡದಂತೆ ನೇಯ್ದ ಬಟ್ಟೆ, ಸಿಕ್ಕರೆ ಒಳ್ಳೇದು. ಇಲ್ಲದಿದ್ದರೆ ಒಳ್ಳೆ ಕೊಡೆ ಬಟ್ಟೆ ನಡೆಯುತ್ತದೆ. 92 ಸೆಂಟಿಮೀಟರ್ ಉದ್ದ, 32 ಅಗಲದ ಎರಡು ಪಟ್ಟಿ ಕತ್ತರಿಸಿ. ಬಿಸಿ ಸಾಲ್ಡರಿಂಗ್ ಐರನ್‌ನಿಂದ ಕತ್ತರಿಸಿದರೆ ಅಂಚು ಕರಗಿ ಕೂಡಿಕೊಳ್ಳುತ್ತದೆ, ಎಳೆ ಬಿಡಲ್ಲ. ಸುತ್ತಲೂ ಒಂದೊಂದು ಸೆಂಟಿಮೀಟರ್ ಮಡಚಿ ಹೊಲಿದರೆ 90 ಮತ್ತು 30 ಉಳಿಯುತ್ತದೆ. ನಡುವಿನ ಚೌಕವನ್ನು ನಾಲ್ಕೂ ಬದಿ ಎರಡು ಸಾಲು ಹೊಲಿಯಿರಿ. ಪಾಲಿಯೆಸ್ಟರ್ ದಾರವೇ ಇರಲಿ, ಹತ್ತಿ ದಾರ ಬೇಡ. ಪ್ರತಿ ತೋಳಿನ ತುದಿಗೂ ಬ್ಯಾಗಿನ ತೆಳು ನೈಲಾನ್ ಪಟ್ಟಿ ಕೂರಿಸಿ. ಹಗ್ಗ ಕಟ್ಟುವ ಕಡೆ ಪುಟ್ಟ ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ X ಆಕಾರದಲ್ಲಿ ಹೊಲಿಗೆ ಹಾಕಿ.

ಹಗ್ಗ 12. ತೋಳಿಗೆ ಮೂರರಂತೆ, ಎರಡು ಮೂಲೆಗೆ ಎರಡು, ನಡುವೆ ಒಂದು. 2 ಮಿಲಿಮೀಟರ್ ಹೆಣೆದ ನೈಲಾನ್ ಹಗ್ಗ ತನ್ನಿ. ಕಟ್ಟಿದ ಮೇಲೆ ಒಂದೊಂದೂ 120 ಸೆಂಟಿಮೀಟರ್ ಇರಬೇಕು. ನೈಲಾನ್ ಜಗ್ಗುತ್ತದೆ, ಹಾಗಾಗಿ ಮೇಜಿನ ಮೇಲೆ ಸುಮ್ನೆ ಮಲಗಿಸಿ ಅಳೆಯಬೇಡಿ. ಪ್ರತಿ ಹಗ್ಗಕ್ಕೂ ಒಂದೇ ತೂಕ ನೇತುಹಾಕಿ, ಅಳೆದು, ಪೆನ್ನಿನಲ್ಲಿ ಗುರುತು ಮಾಡಿ. ಒಂದು ತೋಳಿನ ಹಗ್ಗ ಗಿಡ್ಡವಾದರೂ ಚೂಟ್ ಬುಗುರಿ ತಿರುಗಿದಂತೆ ತಿರುಗಿ ಹಗ್ಗವೆಲ್ಲ ಹೊಸೆದುಕೊಳ್ಳುತ್ತದೆ. ಹನ್ನೆರಡೂ ಸೇರುವ ಕಡೆ ಮೀನಿನ ಗಾಳದ ಅಂಗಡಿಯಲ್ಲಿ ಸಿಗುವ ದೊಡ್ಡ ಸ್ವಿವೆಲ್ (ಸುತ್ತ ತಿರುಗುವ ಕೊಂಡಿ) ಹಾಕಿ. ಅಲ್ಲಿಂದ ಮುಂದಕ್ಕೆ ಒಂದೇ ಗಟ್ಟಿ ಹಗ್ಗ. ಅದು ಎರಡು ಮೀಟರ್ ಆದರೂ ಇರಲಿ. ವಿಮಾನದ ಬೆನ್ನ ಹಿಂದೆ ಗಾಳಿ ಕಲಸಿಹೋಗಿರುತ್ತದೆ. ಅಲ್ಲಿ ಚೂಟ್ ಸರಿಯಾಗಿ ತುಂಬಲ್ಲ.

ಆ ಗಟ್ಟಿ ಹಗ್ಗದ ನಡುವೆ ಒಂದು ದುರ್ಬಲ ಕೊಂಡಿ ಬೇಕೇ ಬೇಕು. ಅನೇಕ ಫೈಟರ್‌ಗಳಲ್ಲೂ ಇದೆ. ವೇಗ ಮಿತಿ ಮೀರಿದಾಗ ಚೂಟ್ ಬಿಚ್ಚಿಕೊಂಡರೆ ವಿಮಾನದ ಬಾಲ ಕಿತ್ತು ಬರುವ ಮೊದಲು ಕೊಂಡಿ ತುಂಡಾಗಬೇಕು, ಅಲ್ವಾ? ನಮ್ಮ ಅಳತೆಗೆ ಹತ್ತಿ ದಾರದ ಎಳೆಗಳನ್ನು ಜೋಡಿಸಿ. ಬಕೆಟ್ ನೇತುಹಾಕಿ ನೀರು ಸುರಿಯುತ್ತಾ ನೋಡಿ. 5 ಕೆಜಿ ತಡೆಯಬೇಕು, 7ಕ್ಕೆ ಹರಿಯಬೇಕು.

ಪರೀಕ್ಷೆಗೆ ಖಾಲಿ ಮೈದಾನ ಬೇಕು. ಹೈವೇ ಕಡೆ ಹೋಗಲೇಬೇಡಿ. ಒಬ್ಬರು ಬೈಕ್ ಓಡಿಸಲಿ. ಹಿಂದೆ ಕೂತವರು ಸ್ಪ್ರಿಂಗ್ ತಕ್ಕಡಿಯನ್ನು ಭುಜದೆತ್ತರಕ್ಕೆ ಹಿಡಿಯಲಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಚಕ್ರದ ಹತ್ತಿರ ಬಿಡಬಾರದು. ಇಬ್ಬರಿಗೂ ಹೆಲ್ಮೆಟ್ ಇರಲಿ. ಗಾಳಿ ಇಲ್ಲದ ಬೆಳಿಗ್ಗೆ 20ರ ವೇಗದಲ್ಲಿ ತಕ್ಕಡಿ ಅರ್ಧ ಕೆಜಿ ಆಸುಪಾಸು ತೋರಿಸುತ್ತದೆ. 40ರಲ್ಲಿ ಎರಡು ಕೆಜಿ ಹತ್ತಿರ ಬರುತ್ತದೆ. ಐಸಿನ ಪಾಠವೂ ಬೇಕೆನ್ನುವವರು ಒಂದು ಆಟಿಕೆ ಗಾಡಿಯ ಚಕ್ರ ತಿರುಗದಂತೆ ಕಟ್ಟಿ, ಒಣ ಸಿಮೆಂಟಿನ ಮೇಲೂ ಸೋಪು ನೀರು ಚೆಲ್ಲಿದ ಗ್ರಾನೈಟ್ ಮೇಲೂ ಅದೇ ತಕ್ಕಡಿಯಿಂದ ಎಳೆಯಲಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಮಡಚುವಾಗ ಅವಸರ ಮಾಡಬೇಡಿ. ಚೂಟನ್ನು ಉದ್ದಕ್ಕೆ ಎಳೆದು ಮಲಗಿಸಿ. ಹನ್ನೆರಡು ಹಗ್ಗವೂ ಬುಡದಿಂದ ತುದಿಯವರೆಗೆ ಒಂದನ್ನೊಂದು ದಾಟದೆ ಬಂದಿವೆಯೇ ಅಂತ ಬೆರಳಾಡಿಸಿ ನೋಡಿ. ನಾಲ್ಕು ತೋಳನ್ನು ಒಂದರ ಮೇಲೊಂದು ಜೋಡಿಸಿ, ನಡುವಿನ ಚೌಕ ಚೀಲದ ತಳಕ್ಕೆ ಹೋಗುವಂತೆ ಹಾವು ಹರಿದಂತೆ ಅತ್ತಿತ್ತ ಮಡಚುತ್ತಾ ತುಂಬಿ. ಬಟ್ಟೆ ಒಳಗೆ ಹೋದ ಮೇಲೆ ಹಗ್ಗಗಳನ್ನು ಚೀಲದ ಬಾಯಿಯ ರಬ್ಬರ್ ಬ್ಯಾಂಡುಗಳಲ್ಲಿ ಸಿಕ್ಕಿಸಿ. ಚೀಲದ ತಳದ ಹೊರಗಡೆ ಅಂಗೈಯಗಲದ ಮರಿ ಚೂಟ್ ಕಟ್ಟಿ. ವಿಮಾನದ ಬಾಗಿಲು ತೆರೆದಾಗ ಮೊದಲು ಗಾಳಿ ಹಿಡಿಯುವುದು ಈ ಮರಿ. ಅದು ಚೀಲವನ್ನು ಎಳೆಯುತ್ತದೆ. ಹಗ್ಗ ಪೂರ್ತಿ ಚಾಚಿದ ಮೇಲೆ ಬಟ್ಟೆ ಹೊರಬೀಳುತ್ತದೆ. ಬಟ್ಟೆಯೇ ಮೊದಲು ಬಂದರೆ ಸಡಿಲ ಹಗ್ಗಕ್ಕೆ ಒಮ್ಮೆಲೇ ಜೋರು ಎಳೆತ ಬೀಳುತ್ತದೆ, ಕೊಂಡಿ ಹರಿಯುತ್ತದೆ.

ಹಾರಿಸುವವರಿಗೆ ಒಂದು ಮಾತು. ಅಡ್ಡಗಾಳಿ ಇರುವಾಗ ಚೂಟ್ ಬಾಲವನ್ನು ಗಾಳಿ ಹೋಗುವ ಕಡೆಗೆ ಎಳೆಯುತ್ತದೆ, ಮೂತಿ ಗಾಳಿ ಬರುವ ಕಡೆ ತಿರುಗುತ್ತದೆ. ಒಣ ನೆಲದಲ್ಲಿ ಚಕ್ರ ಅದನ್ನು ತಡೆಯಬಹುದು. ಐಸ್ ಮೇಲೆ ತಡೆಯುವವರು ಯಾರೂ ಇಲ್ಲ. ಅದಕ್ಕೇ ಫೈಟರ್ ಪೈಲಟ್‌ಗೆ ಚೂಟ್ ಕಳಚಿ ಬಿಡುವ ವ್ಯವಸ್ಥೆಯೂ ಇರುತ್ತದೆ. ನಿಮ್ಮ ಮಾಡೆಲ್‌ಗೂ ಕಳಚಲು ಬೇರೆ ಸರ್ವೋ (ರಿಮೋಟಿನಿಂದ ತಿರುಗುವ ಪುಟ್ಟ ಮೋಟಾರ್) ಇಡಿ. ಚಕ್ರ ನೆಲ ಮುಟ್ಟಿ ನೆಟ್ಟಗಾದ ಕೂಡಲೇ ಚೂಟ್ ಹೊರಗೆ ಬಿಚ್ಚಿಕೊಳ್ಳಲು ಬಿಡಿ. ವೇಗ ಇರುವವರೆಗೆ ರಡ್ಡರ್‌ನಿಂದ, ಅಂದರೆ ಬಾಲದ ಚುಕ್ಕಾಣಿಯಿಂದ, ವಿಮಾನವನ್ನು ದಾರಿಯಲ್ಲೇ ಇಡಿ. ಬ್ರೇಕ್ ಕೊನೆಗೆ, ಅದೂ ಮೆಲ್ಲಗೆ.

ಬಳಸಿದ ಚೂಟನ್ನು ಒದ್ದೆ ಇರುವಾಗ ಮಡಚಬೇಡಿ. ಐಸ್ ಸೀಮೆಯಲ್ಲಿ ಆ ತೇವವೇ ಹೆಪ್ಪುಗಟ್ಟಿ ಬಟ್ಟೆಯೂ ಬಾಗಿಲೂ ಅಂಟಿಕೊಳ್ಳುತ್ತವೆ. ನಮ್ಮಲ್ಲಿ ಬೂಸ್ಟು ಹಿಡಿಯುತ್ತದೆ. ನೆರಳಲ್ಲೇ ಒಣಗಿಸಿ, ಬಿಸಿಲಿಗೆ ನೈಲಾನ್ ಸತ್ವ ಕಳೆದುಕೊಳ್ಳುತ್ತದೆ. ಹೊಲಿಗೆಯನ್ನೆಲ್ಲ ಬೆಳಕಿಗೆ ಹಿಡಿದು ನೋಡಿ. ಎಳೆ ಬಿಟ್ಟಿದ್ದರೆ ಬಿಚ್ಚಿ ಹೊಸದಾಗಿ ಹೊಲಿಯಿರಿ, ಮೇಲಿಂದ ಮೇಲೆ ಹೊಲಿದರೆ ಸೂಜಿಯ ತೂತು ಜಾಸ್ತಿಯಾಗಿ ಬಟ್ಟೆ ಅಲ್ಲೇ ಹರಿಯುತ್ತದೆ. ಮಡಚಿದ ತಾರೀಕು ಚೀಲದ ಮೇಲೆ ಬರೆದಿಡಿ. ತಿಂಗಳುಗಟ್ಟಲೆ ಹಾಗೇ ಇದ್ದರೆ ಹಾರಿಸುವ ಮುಂಚೆ ಒಮ್ಮೆ ಬಿಚ್ಚಿ, ಕೊಡವಿ, ಮತ್ತೆ ಮಡಚಿ.