ಮಲಾವಿ ಸಿಕ್ಲಿಡ್ ಜಗಳ: ಕಲ್ಲಿನ ಜೋಡಣೆ ಬದಲಿಸಿದಾಗ ನಿಂತಿತು

ನಾಲ್ಕು ಅಡಿ ಟ್ಯಾಂಕ್, ಆಫ್ರಿಕಾದ ಮಲಾವಿ ಸರೋವರದ ಎಂಬುನಾ ಮೀನುಗಳು (ಕಲ್ಲುಗಳ ನಡುವೆ ಬದುಕುವ ಸಿಕ್ಲಿಡ್ ಕುಟುಂಬದ ಮೀನುಗಳು). ಅವುಗಳಲ್ಲಿ ಕೆನ್ಯಿ ಎಂಬ ಜಾತಿಯ ಹಳದಿ ಗಂಡೊಂದು ಇಡೀ ಟ್ಯಾಂಕನ್ನೇ ಆಕ್ರಮಿಸಿಕೊಂಡಿತ್ತು. ಉಳಿದವು ಹೀಟರ್ ಹಿಂದೆ, ಮೇಲ್ಗಡೆ ಮೂಲೆಯಲ್ಲಿ ಅಂಟಿಕೊಂಡು ನಿಲ್ಲುತ್ತಿದ್ದವು. ಬಾಲವೆಲ್ಲ ಹರಿದು ಎಳೆ ಎಳೆ.

ಆಹಾರ ಜಾಸ್ತಿ ಹಾಕಿದರೆ ನೀರು ಕೆಟ್ಟಿತು, ಅಷ್ಟೇ. ಪುಂಡನನ್ನು ಬೇರೆ ಇಟ್ಟು ವಾಪಸ್ ಬಿಟ್ಟರೆ ಅದೇ ಗುಹೆ, ಅದೇ ಕಾಟ. ಸುಮ್ನೆ ಒಂದೆರಡು ಕಲ್ಲು ಸರಿಸಿದರೂ ಪ್ರಯೋಜನವಿಲ್ಲ.

ಕೆಲಸ ಮಾಡಿದ್ದು ಇದು. ಮೀನು, ಕಲ್ಲು, ಮರಳು ಎಲ್ಲ ಹೊರಗೆ ತೆಗೆದೆ. ಫಿಲ್ಟರ್ ಸ್ಪಾಂಜ್ ಮಾತ್ರ ಟ್ಯಾಂಕಿನ ನೀರಲ್ಲೇ ಇಟ್ಟೆ. ತಳಕ್ಕೆ ತೆಳು ಫೋಮ್ ಶೀಟ್, ಅದರ ಮೇಲೆ ದೊಡ್ಡ ಗ್ರಾನೈಟ್ ಕಲ್ಲು, ಕೊನೆಗೆ ಮರಳು. ಈ ಕ್ರಮ ತಪ್ಪಬಾರದು. ಇವು ಮರಳು ಅಗೆಯುವ ಮೀನುಗಳು. ಮರಳಿನ ಮೇಲೆ ಕೂರಿಸಿದ ಕಲ್ಲು ಉರುಳಿದರೆ ಗಾಜು ಒಡೆಯುತ್ತದೆ. ಒಂದು ರಾಶಿಯ ಬದಲು ಎರಡು, ನೀರಿನ ಮಟ್ಟದ ಹತ್ತಿರದವರೆಗೆ. ಈ ತುದಿಯಿಂದ ಆ ತುದಿ ಕಾಣಬಾರದು. ಪ್ರತಿ ಗುಹೆಗೂ ಎರಡು ಬಾಯಿ.

ಲೈಟ್ ಆರಿಸಿ, ಪೆಟ್ಟು ತಿಂದವನ್ನೂ ಮೂರು ಹೊಸ ಹೆಣ್ಣು ಕೆನ್ಯಿಗಳನ್ನೂ (ಹೆಣ್ಣು ನೀಲಿ ಇರುತ್ತದೆ) ಮೊದಲು ಬಿಟ್ಟೆ. ಅವು ಜಾಗ ಹಿಡಿದ ಮೇಲೇ ಪುಂಡ. ನೀರು 25 ಡಿಗ್ರಿ, ಪಿಎಚ್ 8. ಈಗಲೂ ಅಟ್ಟಿಸುತ್ತದೆ, ಆದರೆ ತನ್ನ ರಾಶಿ ದಾಟುವುದಿಲ್ಲ.