‘ನೀವು ಯಾಕೆ ಮದುವೆಯಾದಿರಿ?’: ಮಿನ್ನೆಸೋಟದ ಸಂಪ್ರದಾಯವಾದಿಗಳ ಜೊತೆ ಫೋನಿನಲ್ಲಿ

2012ರಲ್ಲಿ ನನ್ನ ಹತ್ತಿರ ಗ್ರೀನ್ ಕಾರ್ಡ್ ಇತ್ತು, ವೋಟು ಇರಲಿಲ್ಲ. ಆದರೂ ಆ ವರ್ಷ ಸಂಜೆ ಆಫೀಸು ಮುಗಿಸಿ ಅಮೆರಿಕದ ಮಿನ್ನೆಸೋಟ ರಾಜ್ಯದ ಊರೂರಿಗೆ ಫೋನ್ ಮಾಡಿ ಬೇರೆಯವರ ವೋಟು ಕೇಳಿದೆ. ಯಾವ ಅಭ್ಯರ್ಥಿಗೂ ಅಲ್ಲ. ಒಬ್ಬ ಗಂಡು ಮತ್ತು ಒಬ್ಬ ಹೆಣ್ಣು ಕೂಡಿದರೆ ಮಾತ್ರ ಮದುವೆ ಅನ್ನುವ ಸಾಲನ್ನು, ಅಂದರೆ ಸಲಿಂಗ ವಿವಾಹಕ್ಕೆ ಬಾಗಿಲು ಹಾಕುವ ತಿದ್ದುಪಡಿಯನ್ನು, ರಾಜ್ಯದ ಸಂವಿಧಾನಕ್ಕೆ ಸೇರಿಸಬೇಕಾ ಬೇಡವಾ ಅಂತ ಜನರನ್ನೇ ಕೇಳಿದ್ದರು. ನಾನು ‘ಬೇಡ’ ಅನ್ನುವ ಕಡೆ ಇದ್ದೆ. ನಮ್ಮ ಬಳಗದ ಹೆಸರು ಮಿನ್ನೆಸೋಟನ್ಸ್ ಯುನೈಟೆಡ್ ಫಾರ್ ಆಲ್ ಫ್ಯಾಮಿಲೀಸ್.

ನನಗೆ ಸಿಗುತ್ತಿದ್ದ ಪಟ್ಟಿಯಲ್ಲಿ ಇನ್ನೂ ತೀರ್ಮಾನ ಮಾಡದವರೇ ಜಾಸ್ತಿ. ಅವರಲ್ಲಿ ಬಹಳ ಜನ ರಿಪಬ್ಲಿಕನ್ ಪಕ್ಷಕ್ಕೆ ವೋಟು ಹಾಕುವವರು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ‘ಅವರ ಹತ್ತಿರ ಮಾತಾಡಿ ಏನು ಪ್ರಯೋಜನ, ಎಲ್ಲರೂ ಒಂದೇ’ ಅಂತ ಗೆಳೆಯರು ಹೇಳುತ್ತಿದ್ದರು. ಒಂದೇ ಅಲ್ಲ. ಅದನ್ನು ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪಕ್ಷದೊಳಗಿನ ಒಡಕು ಮೊದಲೇ ಕಾಣಿಸಿತ್ತು. 2011ರ ಮೇ ತಿಂಗಳಲ್ಲಿ ರಾಜ್ಯದ ಶಾಸನಸಭೆಯ ಕೆಳಮನೆಯಾದ ಹೌಸ್‌ನಲ್ಲಿ ಈ ಪ್ರಸ್ತಾಪ 70–62ರಲ್ಲಿ ಪಾಸಾದಾಗ ನಾಲ್ಕು ಜನ ರಿಪಬ್ಲಿಕನ್ನರು ವಿರುದ್ಧ ವೋಟು ಹಾಕಿದರು. ಅವರಲ್ಲಿ ಒಬ್ಬರು ಜಾನ್ ಕ್ರೀಸೆಲ್. ಇರಾಕ್ ಯುದ್ಧದಲ್ಲಿ ಬಾಂಬಿಗೆ ಎರಡೂ ಕಾಲು ಕಳೆದುಕೊಂಡವರು. ಅಫ್ಘಾನಿಸ್ತಾನದಲ್ಲಿ ಆಗಷ್ಟೇ ಸತ್ತಿದ್ದ ಆಂಡ್ರೂ ವಿಲ್ಫಾರ್ಟ್ ಎಂಬ ಗೇ (ಸಲಿಂಗಿ) ಸೈನಿಕನ ಫೋಟೋ ಹಿಡಿದು ಸದನದಲ್ಲಿ ಮಾತಾಡಿದರು. ಸೈನ್ಯವನ್ನು ಗೌರವಿಸುವ ಮನೆಗೆ ಫೋನ್ ಹೋದಾಗ ನಾನು ಕ್ರೀಸೆಲ್ ಹೆಸರು ಹೇಳುತ್ತಿದ್ದೆ. ನನ್ನಂಥ ಹೊರಗಿನವನ ಮಾತಿಗಿಂತ ಅವರದಕ್ಕೆ ತೂಕ ಜಾಸ್ತಿ, ಅಲ್ವಾ?

ಕರೆ ಶುರು ಮಾಡುವ ರೀತಿ ಎಲ್ಲರಿಗೂ ಒಂದೇ. ‘ನಿಮಗೆ ಮದುವೆಯಾಗಿದೆಯಾ?’ ಆಮೇಲೆ, ‘ಯಾಕೆ ಮದುವೆಯಾದಿರಿ?’ ಅಷ್ಟು ಕೇಳಿ ಬಾಯಿ ಮುಚ್ಚಿಕೊಂಡು ಕೂರಬೇಕು. ಇದು ಕಷ್ಟ. ಆ ಕಡೆ ಸದ್ದಿಲ್ಲ ಅಂತ ನಾವೇ ಏನಾದರೂ ತುಂಬಲು ಹೋದರೆ ಅವರು ಮಾತಾಡುವುದೇ ಇಲ್ಲ. ಕಾದರೆ ಬಾಯಿ ಬಿಡುತ್ತಾರೆ. ತೆರಿಗೆ ಉಳಿಸಲು ಮದುವೆಯಾದೆ ಅಂತ ಯಾರೂ ಹೇಳಲಿಲ್ಲ. ಪ್ರೀತಿಸಿದೆ, ಮಾತು ಕೊಟ್ಟೆ, ಸಂಸಾರ ಬೇಕಿತ್ತು, ಮುಪ್ಪಿನಲ್ಲಿ ಒಬ್ಬರಿಗೊಬ್ಬರು ಇರಲಿ ಅಂತ. ಆಮೇಲಿನ ಪ್ರಶ್ನೆ: ‘ನಿಮಗೆ ಗೊತ್ತಿರುವವರಲ್ಲಿ ಗೇ ಯಾರಾದರೂ ಇದ್ದಾರಾ?’ ಅಕ್ಕನ ಮಗ, ಜೊತೆಗೆ ಕೆಲಸ ಮಾಡುವ ಹುಡುಗಿ, ಚರ್ಚಿನಲ್ಲಿ ಪಿಯಾನೋ ನುಡಿಸುವವರು, ಹೀಗೆ ಯಾರೋ ಒಬ್ಬರು ಇರುತ್ತಿದ್ದರು. ‘ಅವರು ಯಾಕೆ ಮದುವೆಯಾಗಬೇಕು ಅಂದುಕೊಳ್ಳುತ್ತಾರೆ ಅಂತ ನಿಮಗನ್ನಿಸುತ್ತದೆ?’ ಅಂತ ಕೇಳಿದಾಗ ಅವರು ತಾವು ಈಗಷ್ಟೇ ಹೇಳಿದ್ದನ್ನೇ ತಿರುಗಿ ಹೇಳಬೇಕಾಗುತ್ತಿತ್ತು.

ಹಕ್ಕು, ಸಮಾನತೆ ಎಂಬ ಮಾತನ್ನು ನಾವು ಎತ್ತುತ್ತಲೇ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಇಂಥದ್ದೇ ತಿದ್ದುಪಡಿಗೆ ‘ಬೇಡ’ ಅನ್ನುವವರು ಹಕ್ಕಿನ ಮಾತಾಡಿ ಸೋತಿದ್ದರು. ಎಷ್ಟೋ ರಾಜ್ಯಗಳಲ್ಲಿ ಇಂಥದ್ದೇ ತಿದ್ದುಪಡಿ ಗೆದ್ದಿತ್ತು. ಅರಿಜೋನಾ 2006ರಲ್ಲಿ ಒಮ್ಮೆ ತಳ್ಳಿಹಾಕಿತ್ತು, ಎರಡೇ ವರ್ಷಕ್ಕೆ ಅಲ್ಲೂ ಪಾಸಾಯಿತು. ನಮ್ಮ ಟಿವಿ ಜಾಹೀರಾತಿನಲ್ಲೂ ಮಾತಾಡಿದ್ದು ಕ್ಯಾಥೊಲಿಕ್ ರಿಪಬ್ಲಿಕನ್ ದಂಪತಿ.

ನನ್ನ ಉಚ್ಚಾರಣೆ ಕೇಳಿದ ಕೂಡಲೇ ಕೆಲವರು ತಿರುಗಿ ಕೇಳುತ್ತಿದ್ದರು, ‘ನಿಮ್ಮದು ಮನೆಯವರು ನೋಡಿ ಮಾಡಿದ ಮದುವೆಯಾ?’ ಹೌದು, ದಾವಣಗೆರೆಯಲ್ಲಿ, ಉಪ್ಪಿಟ್ಟು ಕೇಸರಿಬಾತು ತಿಂದು ಕಾಫಿ ಕುಡಿಯುವಷ್ಟು ಹೊತ್ತು ನೋಡಿ ಒಪ್ಪಿಕೊಂಡಿದ್ದು. ನಗುತ್ತಿದ್ದರು. ಆಮೇಲೆ ನಾನು ಹೇಳುತ್ತಿದ್ದೆ: ಪ್ರೀತಿ ಆಮೇಲೆ ಬಂತು, ಮೊದಲು ಬಂದಿದ್ದು ಹತ್ತು ಜನರ ಮುಂದೆ ಕೊಟ್ಟ ಮಾತು, ಜಗಳವಾದಾಗಲೂ ಹಿಡಿದು ನಿಲ್ಲಿಸಿದ್ದು ಅದೇ, ಆ ಮಾತು ಕೊಡುವ ಅವಕಾಶ ಇನ್ನೊಬ್ಬರಿಗೆ ಇಲ್ಲ ಅನ್ನೋದು ನನಗೆ ಸರಿ ಕಾಣುವುದಿಲ್ಲ. ರೈಟ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ವಯಸ್ಸಾದ ರೈತರಿಗೆ ಇದು ಮಿನಿಯಾಪೊಲಿಸ್‌ನ ಹುಡುಗರು ಹೇಳುವುದಕ್ಕಿಂತ ಬೇಗ ಅರ್ಥವಾಗುತ್ತಿತ್ತು. ಮದುವೆಯನ್ನು ಬಹಳ ದೊಡ್ಡದಾಗಿ ಕಾಣುವವರು ಅವರು. ಹಾಗಾಗಿಯೇ ‘ಹೌದು’ ಅನ್ನಬಹುದಿತ್ತು, ಹಾಗಾಗಿಯೇ ‘ಬೇಡ’ ಅಂತಲೂ ಅನ್ನಬಹುದಿತ್ತು.

ಇನ್ನೊಂದು ಥರದವರು ಸರ್ಕಾರವನ್ನೇ ನಂಬದವರು. ಆ ವರ್ಷ ರಿಪಬ್ಲಿಕನ್ ರಾಷ್ಟ್ರೀಯ ಸಮಾವೇಶಕ್ಕೆ ಮಿನ್ನೆಸೋಟ ಕಳಿಸಿದ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಸರ್ಕಾರದ ಕೈ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅನ್ನುತ್ತಿದ್ದ ರಾನ್ ಪಾಲ್ ಬೆಂಬಲಿಗರು. ಇವರ ಹತ್ತಿರ ಮದುವೆಯ ಕಥೆ ನಡೆಯುತ್ತಿರಲಿಲ್ಲ. ‘ಬಂದೂಕಿಗೆ ಲೈಸೆನ್ಸ್ ಕೇಳಬೇಡಿ ಅನ್ನುವ ನೀವು ಮದುವೆಗೆ ಸರ್ಕಾರದ ಒಪ್ಪಿಗೆ ಬೇಕು ಅಂತೀರಾ?’ ಅಂದರೆ ಸಾಕು. ತಮಾಷೆಯೆಂದರೆ ಇದೇ ವಾದವನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿದ್ದು ಒಬ್ಬ ಕನ್ನಡದವರೇ. ಮೇಪಲ್ ಗ್ರೋವ್ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ಸಿಕ್ಕ ಡಾಕ್ಟರ್ ಮಾಮ, ತೆರಿಗೆ ಕಾರಣಕ್ಕೆ ರಿಪಬ್ಲಿಕನ್. ‘ನಮ್ಮ ಅಪ್ಪ ಅಮ್ಮನ ಮದುವೆ ಯಾವ ಆಫೀಸಿನಲ್ಲೂ ರಿಜಿಸ್ಟರ್ ಆಗಿಲ್ಲ ಕಣಯ್ಯ, ಇವರ್ಯಾರು ಹೇಳೋಕೆ’ ಅಂದರು. ಪಕ್ಕದಲ್ಲಿದ್ದ ಅತ್ತೆ ಮಾತ್ರ ಮುಖ ಸಿಂಡರಿಸಿ ‘ನಮಗ್ಯಾಕೆ ಅವರ ಜಗಳ’ ಅಂತ ಸಾರು ಬಡಿಸಿಕೊಂಡು ಹೋದರು.

ಸಂವಿಧಾನ ಮುಟ್ಟಬಾರದು ಅನ್ನುವವರು ಮೂರನೆಯ ಗುಂಪು. ಇವರಿಗೆ ಸಲಿಂಗ ವಿವಾಹ ಇಷ್ಟವಿಲ್ಲ. ಆದರೆ 1997ರಿಂದಲೇ ರಾಜ್ಯದ ಕಾನೂನು ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ, ಮತ್ತೆ ಸಂವಿಧಾನದಲ್ಲಿ ಯಾಕೆ? ಈ ಜಗಳ ಹಳೆಯದು. 2004ರಲ್ಲಿ ಅಧ್ಯಕ್ಷ ಬುಷ್ ದೇಶದ ಸಂವಿಧಾನಕ್ಕೇ ಇಂಥ ತಿದ್ದುಪಡಿ ಬೇಕು ಅಂದಾಗ ಅವರದೇ ಪಕ್ಷದ ಜಾನ್ ಮೆಕೇನ್ ಸೆನೆಟ್‌ನಲ್ಲಿ ಅದರ ವಿರುದ್ಧ ನಿಂತಿದ್ದರು. ಅದು ರಾಜ್ಯಗಳಿಗೆ ಬಿಟ್ಟ ವಿಷಯ ಅನ್ನೋದು ಅವರ ವಾದ. ಸಲಿಂಗ ವಿವಾಹವನ್ನು ಕೇಂದ್ರ ಸರ್ಕಾರ ಮಾನ್ಯ ಮಾಡಬಾರದು ಅನ್ನುವ 1996ರ ‘ಮದುವೆ ರಕ್ಷಣೆ’ ಕಾನೂನನ್ನು ಬರೆದ ಬಾಬ್ ಬಾರ್ ಕೂಡ ವಿರೋಧಿಸಿದರು. ಉಪಾಧ್ಯಕ್ಷ ಡಿಕ್ ಚೇನಿಯ ಮಗಳು ಗೇ, ಅವರೂ ಬುಷ್ ಮಾತಿಗೆ ಪೂರ್ತಿ ತಲೆಯಾಡಿಸಲಿಲ್ಲ. ಸೆನೆಟ್‌ನಲ್ಲಿ ಅದು 48–50ರಲ್ಲಿ ಬಿದ್ದುಹೋಯಿತು.

ಈ ಮೂರನೆಯ ಗುಂಪಿನಿಂದ ‘ಬೇಡ’ ಅನ್ನಿಸಿಕೊಳ್ಳುವುದು ಸುಲಭ. ಆದರೆ ಅವರ ಮನಸ್ಸು ಬದಲಾಗಿರುವುದಿಲ್ಲ. ಬರೀ ವೋಟಿಗಾಗಿ ಈ ದಾರಿ ಹಿಡಿಯಬಹುದಾ ಅಂತ ನಮ್ಮಲ್ಲೇ ಚರ್ಚೆ ನಡೆಯುತ್ತಿತ್ತು. ಹಿಡಿಯಬಹುದು ಅನ್ನೋದು ನನ್ನ ಅಭಿಪ್ರಾಯ. ಒಬ್ಬ ಮನುಷ್ಯ ತನ್ನದೇ ನಂಬಿಕೆಯಿಂದ ಹೊರಟು ನಮ್ಮ ಪಕ್ಕ ಬಂದು ನಿಂತರೆ ಅವನು ಬಂದ ದಾರಿ ನಮ್ಮದಲ್ಲ ಅಂತ ಬಾಗಿಲು ಹಾಕೋದು ಯಾಕೆ?

ಕ್ಯಾಥೊಲಿಕ್ ಮನೆಗಳ ಕಥೆಯೇ ಬೇರೆ. ಆರ್ಚ್‌ಬಿಷಪ್ ನೀನ್‌ಸ್ಟೆಟ್ ತಿದ್ದುಪಡಿಯ ಪರ ಜೋರಾಗಿ ನಿಂತಿದ್ದರು. 2010ರಲ್ಲೇ ಲಕ್ಷಾಂತರ ಮನೆಗಳಿಗೆ ಸಲಿಂಗ ವಿವಾಹದ ವಿರುದ್ಧ ಚರ್ಚಿನ ಡಿವಿಡಿ ಹೋಗಿತ್ತು. ಕೆಲವರಿಗೆ ಅದೇ ಕಿರಿಕಿರಿ. ಅಂಥವರಿಗೆ ನಾನು ಧರ್ಮದ ವಾದಕ್ಕೆ ಇಳಿಯುತ್ತಿರಲಿಲ್ಲ, ಬೈಬಲ್ ಅವರಿಗೆ ನನಗಿಂತ ಗೊತ್ತು. ಯಾವ ಚರ್ಚೂ ಯಾರ ಮದುವೆಯನ್ನೂ ಮಾಡಿಸಲೇಬೇಕು ಅಂತ ಯಾರೂ ಹೇಳುತ್ತಿಲ್ಲ ಅಂತ ಮಾತ್ರ ಹೇಳುತ್ತಿದ್ದೆ. ಎಷ್ಟೋ ಕಡೆ ಗಂಡ ‘ಹೌದು’, ಹೆಂಡತಿ ‘ಬೇಡ’. ಫೋನ್ ಕೈಯಿಂದ ಕೈಗೆ ಹೋಗುತ್ತಿತ್ತು.

ಕೊನೆಗೆ ಒಂದು ವಿಷಯ ಮರೆಯದೆ ಹೇಳಬೇಕಿತ್ತು. ಮಿನ್ನೆಸೋಟದಲ್ಲಿ ತಿದ್ದುಪಡಿ ಗೆಲ್ಲಬೇಕಾದರೆ ಆ ದಿನ ಮತಗಟ್ಟೆಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ‘ಹೌದು’ ಅನ್ನಬೇಕು. ಖಾಲಿ ಬಿಟ್ಟರೂ ‘ಬೇಡ’ದ ಲೆಕ್ಕವೇ. ಚರ್ಚಿನ ಮಾತು ಮೀರಲಾಗದ, ಅಕ್ಕನ ಮಗನಿಗೂ ನೋವು ಮಾಡಲಾಗದ ಜನರಿಗೆ ಇದು ದೊಡ್ಡ ಸಮಾಧಾನ.

ನವೆಂಬರ್ 6ರಂದು ‘ಬೇಡ’ಕ್ಕೆ ಶೇ. 51.2, ‘ಹೌದು’ಗೆ ಶೇ. 47.4 ಬಂತು, ಉಳಿದದ್ದು ಖಾಲಿ. ನಾನು ಮಾತಾಡಿಸಿದ ರೈಟ್ ಕೌಂಟಿ ‘ಹೌದು’ ಅಂತಲೇ ಹೇಳಿತು, ಬಿಡಿ. ಆದರೆ 2013ರ ಮೇನಲ್ಲಿ ಸಲಿಂಗ ವಿವಾಹಕ್ಕೆ ಅವಕಾಶ ಕೊಡುವ ಮಸೂದೆ ಹೌಸ್‌ಗೆ ಬಂದಾಗ, ಅದು ಸಿವಿಲ್ ಮದುವೆಗೆ, ಅಂದರೆ ಸರ್ಕಾರದ ಕಾನೂನಿನ ಮದುವೆಗೆ ಮಾತ್ರ, ಚರ್ಚಿನದಕ್ಕಲ್ಲ ಅಂತ ಸ್ಪಷ್ಟಪಡಿಸುವ ತಿದ್ದುಪಡಿ ತಂದು, ಆಮೇಲೆ ಪರವಾಗಿ ವೋಟು ಹಾಕಿದ ರಿಪಬ್ಲಿಕನ್ ಡೇವಿಡ್ ಫಿಟ್ಜ್‌ಸಿಮನ್ಸ್ ಅದೇ ಕೌಂಟಿಯವರು. ಮಸೂದೆ 75–59ರಲ್ಲಿ ಪಾಸಾಯಿತು, ಆಗಸ್ಟ್ 1ರಿಂದ ಮದುವೆಗಳು ಶುರುವಾದವು. ಮುಂದಿನ ವರ್ಷ ಪಕ್ಷದವರು ಫಿಟ್ಜ್‌ಸಿಮನ್ಸ್‌ಗೆ ಮತ್ತೆ ಬೆಂಬಲ ಕೊಡಲಿಲ್ಲ.